ಸಂಪಾದಕರ ಉತ್ತರ: ‘ಸಾಮಥ್ಯರ್’ ಇನ್ನೂ ಉಳಿದಿದೆ, ಕಳಿಸಲಾ?

ಶಿರಸಿಯ ಓದುಗರೊಬ್ಬರ ಪತ್ರ: “‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫೈಲುಗಳನ್ನು ಈಗಿನ ಸಾಮಾನ್ಯ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಬದಲಿಸುವ ಓಪನ್ ಸೋರ್ಸ್ ತಂತ್ರಾಂಶವೊಂದಕ್ಕೆ ಅರ್ಕಾವತ್ತಿನ ತಿದ್ದುಪಡಿ ಬರೆದಿದ್ದೇನೆ. ‘ಗೋಕಣರ್’ ಈಗ ಗೋಕರ್ಣ ಆಗಿದೆ. ಸಾಮರ್ಥ್ಯ ಮಾತ್ರ ಇನ್ನೂ ‘ಸಾಮಥ್ಯರ್’. ನಡುವೆ ಇಂಗ್ಲಿಷ್ ಪದ ಬಂದರೂ ಕೆಡುತ್ತದೆ. ನಾಲ್ಕು ತಿಂಗಳಿಂದ ಇಟ್ಟುಕೊಂಡು ಕೂತಿದ್ದೇನೆ. ಯಾವಾಗ ಕಳಿಸಲಿ?”

ಈ ವಾರವೇ ಕಳಿಸಿ. ಆದರೆ ಮೊದಲು ಒಂದು ಮಾತು ಹೇಳಿ: ನಿಮ್ಮ ಕೋಡ್ ಮೂಲ ಫೈಲನ್ನು ಮುಟ್ಟುತ್ತದೆಯೇ?

ಕೇಳಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಹಳೆಯ ಸಂಚಿಕೆಗಳನ್ನು ಇಂಥದ್ದೇ ಒಂದು ಪರಿವರ್ತಕಕ್ಕೆ ಹಾಕಿದ್ದೆ. ಅದು ತನಗೆ ತಿಳಿಯದ ಗುರುತುಗಳನ್ನು ಸದ್ದಿಲ್ಲದೆ ಕೈಬಿಟ್ಟು, ಮೂಲದ ಮೇಲೆಯೇ ಬರೆದುಬಿಟ್ಟಿತು. ತಾಳಮದ್ದಳೆಯ ಲೇಖನವೊಂದರಲ್ಲಿ ‘ಕರ್ಣ’ ಇದ್ದಲ್ಲೆಲ್ಲ ‘ಕಣ’. ಕಣ ಅನ್ನುವುದೂ ಕನ್ನಡ ಪದವೇ ಅಲ್ವಾ? ಮೇಲಿಂದ ಮೇಲೆ ನೋಡಿದಾಗ ನನಗೆ ಗೊತ್ತೇ ಆಗಲಿಲ್ಲ. ಗೊತ್ತಾಗುವಷ್ಟರಲ್ಲಿ ಮೂಲ ಇರಲಿಲ್ಲ. ಅಚ್ಚಾದ ಪ್ರತಿ ಮುಂದಿಟ್ಟುಕೊಂಡು ಎಲ್ಲವನ್ನೂ ಮತ್ತೆ ಟೈಪ್ ಮಾಡಬೇಕಾಯಿತು.

‘ಸಾಮಥ್ಯರ್’ ಹಾಗಲ್ಲ. ಶಾಲೆ ಮಕ್ಕಳಿಗೂ ಅದು ತಪ್ಪು ಅಂತ ಗೊತ್ತಾಗುತ್ತದೆ, ಕೈಯಲ್ಲೇ ತಿದ್ದಬಹುದು. ಕಣ್ಣಿಗೆ ಬೀಳುವ ಇಂಥ ತಪ್ಪು ಹತ್ತಿದ್ದರೂ ನಾನು ಬಿಡುಗಡೆಗೆ ಒಪ್ಪುತ್ತೇನೆ. ಸುಮ್ನೆ ಅಳಿಸಿಹಾಕುವುದು ಒಂದಿದ್ದರೂ ಒಪ್ಪುವುದಿಲ್ಲ. ಹಾಗಾಗಿ ಫಲಿತಾಂಶ ಬೇರೆ ಫೈಲಿಗೆ ಹೋಗಲಿ, ತಿಳಿಯದ ಗುರುತು ಇದ್ದ ಹಾಗೇ ಉಳಿಯಲಿ. ಇಷ್ಟು ಮಾತ್ರ ಕಳಿಸುವ ಮೊದಲೇ ಆಗಬೇಕು.

ಉಳಿದದ್ದಕ್ಕೆ ಕಾಯಬೇಡಿ. ನುಡಿ ಫೈಲಿನಲ್ಲಿ ಅರ್ಕಾವತ್ತಿನ ಗುರುತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರುತ್ತದೆ. ಗೋಕರ್ಣದಲ್ಲಿ ‘ಣ’ ಒಂದನ್ನು ದಾಟಿ ಹಿಂದೆ ಹೋದರೆ ಸಾಕು. ಸಾಮರ್ಥ್ಯದಲ್ಲಿ ಯ ಒತ್ತನ್ನೂ ದಾಟಬೇಕು, ‘ಥ’ವನ್ನೂ ದಾಟಬೇಕು. ನಿಮ್ಮ ಕೋಡ್ ಅಷ್ಟು ಹಿಂದೆ ಹೋಗುತ್ತಿಲ್ಲ ಅಂತ ಕಾಣುತ್ತದೆ. ಸಾಮರ್ಥ್ಯ, ಪಾರ್ಶ್ವ, ಊರ್ಧ್ವ ಇಂಥ ಪದಗಳನ್ನು ಟೆಸ್ಟ್ ಫೈಲಿಗೆ ಹಾಕಿ, ಇವು ಇನ್ನೂ ಕೆಡುತ್ತವೆ ಅಂತ ಬರೆದೇ ಕೊಡಿ. ಬೇರೆ ಯಾರಾದರೂ ಅಲ್ಲಿಂದ ಮುಂದುವರಿಸಲಿ. ಇಂಗ್ಲಿಷ್‌ನ ತೊಂದರೆ ಬೇರೆಯೇ ಜಾತಿಯದು. ಆ ಫಾಂಟಿನಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೂ ಕೂತಿವೆ. ಫಾಂಟಿನ ಮಾಹಿತಿ ಇಲ್ಲದೆ, ಬರೀ ಅಕ್ಷರ ನೋಡಿ ಯಾವುದು ಯಾವ ಭಾಷೆ ಅಂತ ಯಂತ್ರ ಹೇಗೆ ಹೇಳೀತು? ಅದು ಈ ತಿದ್ದುಪಡಿಯ ಹೊಣೆಯೇ ಅಲ್ಲ.

ಇನ್ನೊಂದು. ಕಳಿಸುವುದು ಬೇರೆ, ಬಿಡುಗಡೆ ಬೇರೆ. ಡ್ರಾಫ್ಟ್ ಪುಲ್ ರಿಕ್ವೆಸ್ಟ್ (ತಿದ್ದುಪಡಿಯ ಕರಡನ್ನು ತಂತ್ರಾಂಶದವರ ಮುಂದಿಡುವ ಕ್ರಮ) ಅನ್ನುವುದು ಇರುವುದೇ ಅರ್ಧ ಕೆಲಸ ತೋರಿಸಲಿಕ್ಕೆ. ಬಿಡುಗಡೆ ಯಾವಾಗ ಅನ್ನುವುದನ್ನು ಮೇಂಟೇನರ್, ಅಂದರೆ ತಂತ್ರಾಂಶವನ್ನು ನೋಡಿಕೊಳ್ಳುವವರು, ನಿಮ್ಮ ಜೊತೆ ಕೂತು ನಿರ್ಧರಿಸುತ್ತಾರೆ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಹೊರಬಿಟ್ಟ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ಆವೃತ್ತಿ ಸಂಖ್ಯೆ 0.01. ಅದನ್ನು ಕಂಪೈಲ್ ಮಾಡಲಿಕ್ಕೂ ಮಿನಿಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಬೇಕಿತ್ತು. 1.0 ಅನ್ನಿಸಿಕೊಂಡದ್ದು 1994ರ ಮಾರ್ಚ್‌ನಲ್ಲಿ. ಅಷ್ಟರೊಳಗೆ ಎಷ್ಟೋ ಜನ ಅದಕ್ಕೆ ಕೈ ಹಚ್ಚಿದ್ದರು. ಯಾರಿಗೂ ತೋರಿಸದೆ ಮನೆಯಲ್ಲೇ ಇಟ್ಟುಕೊಂಡಿದ್ದರೆ ಆ ಕೈಗಳು ಎಲ್ಲಿಂದ ಬರುತ್ತಿದ್ದವು?

ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಗೆ ನಾವು ತರುವ ವಿಶೇಷಾಂಕಗಳ ಹಳೆಯ ಫೈಲುಗಳು ನನ್ನ ಹತ್ತಿರ ಇವೆ. ನಕಲು ಮಾಡಿ ಕಳಿಸುತ್ತೇನೆ, ಮೂಲ ನನ್ನಲ್ಲೇ ಇರುತ್ತದೆ. ಪರಿವರ್ತಿಸಿ ವಾಪಸ್ ಕಳಿಸಿ. ಪ್ರಿಂಟ್ ತೆಗೆದು, ಕೆಂಪು ಪೆನ್ನು ಹಿಡಿದು ನಾನೇ ಕೂತು ಓದುತ್ತೇನೆ.