ಸುಲೇಮಾನಿಯೆ ಬರೀ ನಕಲೇ?

ಪತ್ರ: ಹೋದ ಸಂಚಿಕೆಯಲ್ಲಿ ಇಸ್ತಾಂಬುಲ್‌ನ ಸುಲೇಮಾನಿಯೆ ಮಸೀದಿಯನ್ನು ಭಾರಿ ಹೊಗಳಿದ್ದೀರಿ. ಸಾವಿರ ವರ್ಷ ಮೊದಲೇ ಕಟ್ಟಿದ್ದ ಹಾಗಿಯಾ ಸೋಫಿಯಾ ಚರ್ಚಿನ ನಕಲು ತಾನೇ ಅದು? ಗುಮ್ಮಟವೂ ಚಿಕ್ಕದು. – ಒಬ್ಬ ಓದುಗ

ಸಂಪಾದಕರ ಉತ್ತರ: ಗುಮ್ಮಟ ಚಿಕ್ಕದು, ಒಪ್ಪಿದೆ. ಅದರ ಅಗಲ ಸುಮಾರು 26.5 ಮೀಟರ್. ಹಾಗಿಯಾ ಸೋಫಿಯಾದ್ದು 31ರ ಆಸುಪಾಸು. ನಡುವೆ ದೊಡ್ಡ ಗುಮ್ಮಟ, ಹಿಂದೆ ಮುಂದೆ ಒಂದೊಂದು ಅರೆಗುಮ್ಮಟ ಎಂಬ ನಕ್ಷೆಯೂ ಅಲ್ಲಿಯದೇ.

ಆದರೆ ಒಳಗೆ ನಿಂತರೆ ಬೇರೆಯೇ ಕತೆ. ಹಾಗಿಯಾ ಸೋಫಿಯಾದಲ್ಲಿ ನಡುವಿನ ಹಜಾರಕ್ಕೂ ಪಕ್ಕದ ಪಡಸಾಲೆಗೂ ಮಧ್ಯೆ ಕಂಬಗಳ ಸಾಲು ಅಡ್ಡ ನಿಂತಿದೆ. 1550ರಲ್ಲಿ ಸುಲ್ತಾನ ಸುಲೇಮಾನನಿಗಾಗಿ ಕೆಲಸ ಶುರುಮಾಡಿದ ವಾಸ್ತುಶಿಲ್ಪಿ ಸಿನಾನ್ ಆ ಅಡ್ಡಿಯನ್ನೇ ತೆಗೆದ. ಒಂದೊಂದು ಬದಿಗೆ ಎರಡೇ ಗ್ರಾನೈಟ್ ಕಂಬ. ಗುಮ್ಮಟದ ಭಾರ ಹೊತ್ತಿರುವುದು ನಾಲ್ಕು ದಪ್ಪ ಕಲ್ಲುಸ್ತಂಭಗಳು. ಇಂಥವನ್ನು ತುರ್ಕರು 'ಆನೆಕಾಲು' ಅನ್ನುತ್ತಾರೆ, ನೋಡಿದರೆ ನಾವೂ ಹಾಗೇ ಅನ್ನುತ್ತಿದ್ದೆವು. ಸಾಲಾಗಿ ನಿಂತು ನಮಾಜು ಮಾಡುವವರಿಗೆ ತೆರೆದ ಹಜಾರವೇ ಬೇಕು, ಅಲ್ವಾ?

ನನಗೆ ಜಾಸ್ತಿ ಇಷ್ಟವಾದದ್ದು ಪಕ್ಕದ ಗೋಡೆಗಳು. ಗುಮ್ಮಟ ಸುಮ್ನೆ ಕೂರುವುದಿಲ್ಲ, ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ಹಾಗಿಯಾ ಸೋಫಿಯಾದ ಮೊದಲ ಗುಮ್ಮಟ 558ರಲ್ಲಿ ಕುಸಿದೇ ಹೋಯಿತು. ಆಮೇಲೆ ಆಗಾಗ ಕಟ್ಟಿದ ಆಸರೆಗಳು ಹೊರಗೆ ಗುಡ್ಡೆಗಳ ಹಾಗೆ ನಿಂತಿವೆ. ಸಿನಾನ್ ಆಸರೆಗೋಡೆಗಳನ್ನು ಅರ್ಧ ಒಳಗೆ, ಅರ್ಧ ಹೊರಗೆ ಚಾಚಿಸಿ, ನಡುವಿನ ಜಾಗಕ್ಕೆ ಮೊಗಸಾಲೆ ಕೂಡಿಸಿದ. ನಮ್ಮ ಕಣ್ಣು ಮೊಗಸಾಲೆಯ ಮೇಲೆ ಹೋಗುತ್ತದೆ, ಆಸರೆ ಮರೆತೇ ಹೋಗುತ್ತದೆ. ಇನ್ನೂ ತಮಾಷೆ ಕೇಳಿ. 1570ರ ದಶಕದಲ್ಲಿ ಹಾಗಿಯಾ ಸೋಫಿಯಾಕ್ಕೆ ಹೊಸ ಆಸರೆ ಕೊಟ್ಟವನೂ ಇದೇ ಸಿನಾನ್. ನೀವು ನಕಲುಗಾರ ಎಂದವನು ಅಸಲನ್ನೇ ರಿಪೇರಿ ಮಾಡಿದ್ದ!

ಮದರಸಾ, ಆಸ್ಪತ್ರೆ, ಅನ್ನ ಹಾಕುವ ಅಡುಗೆಮನೆ ಎಲ್ಲ ಸುತ್ತಲೂ ಇದ್ದವು. ಅದು ಲೇಖನದಲ್ಲೇ ಬಂದಿದೆ. ಬಿಟ್ಟುಹೋದದ್ದು ಮಸಿಯ ಕೋಣೆ. ಎಣ್ಣೆದೀಪಗಳ ಹೊಗೆ ಮುಖ್ಯ ಬಾಗಿಲ ಮೇಲಿನ ಪುಟ್ಟ ಕೋಣೆಗೆ ಹೋಗುವಂತೆ ಗಾಳಿಗೆ ದಾರಿ ಮಾಡಿದ್ದರು. ಅಲ್ಲಿ ಕೂತ ಮಸಿಯಿಂದ ಬರೆಯುವ ಮಸಿ ಮಾಡುತ್ತಿದ್ದರಂತೆ. ಕನ್ನಡದಲ್ಲಿ ಎರಡಕ್ಕೂ ಒಂದೇ ಮಾತಿದೆ, ನನ್ನ ಕೆಲಸ ಹಗುರಾಯಿತು.

ಇಷ್ಟಾದರೂ ಅಳತೆಯೇ ಮುಖ್ಯ ಅಂತೀರಾ? ಹಾಗಾದರೆ ಎದಿರ್ನೆ ಊರಿನ ಸೆಲಿಮಿಯೆ ಮಸೀದಿ ನೋಡಿ. 1575ರ ಹೊತ್ತಿಗೆ ಮುಗಿದ ಅದರ ಗುಮ್ಮಟ 31 ಮೀಟರ್ ದಾಟುತ್ತದೆ. ಕಟ್ಟಿದವನು ಮತ್ತೆ ಸಿನಾನೇ. ಆಗ ಅವನಿಗೆ ಎಂಬತ್ತರ ಆಸುಪಾಸು.