ಅಂಟಿಸುವ ಉಗುರು ದಿನಾ ಹಾಕಬಹುದಾ?

ಪ್ರಶ್ನೆ: ಅಕ್ಕಾ, ನಾನು ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಸೀರೆ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ದಿನವಿಡೀ ಸೀರೆ ಬಿಡಿಸಿ ತೋರಿಸುವುದರಿಂದ ಗಿರಾಕಿಗಳ ಕಣ್ಣು ನನ್ನ ಕೈ ಮೇಲೂ ಬೀಳುತ್ತದೆ. ಪಾರ್ಲರ್‌ನಲ್ಲಿ ಜೆಲ್ ಉಗುರು ಮಾಡಿಸುವಷ್ಟು ಸಂಬಳ ಇಲ್ಲ. ಅದಕ್ಕೆ ಫ್ಯಾನ್ಸಿ ಸ್ಟೋರ್‌ನಲ್ಲಿ 150 ರೂಪಾಯಿಗೆ ಪ್ರೆಸ್ ಆನ್ ಉಗುರಿನ (ನಮ್ಮ ಉಗುರಿನ ಮೇಲೆ ಅಂಟಿಸಿಕೊಳ್ಳುವ ರೆಡಿಮೇಡ್ ಪ್ಲಾಸ್ಟಿಕ್ ಉಗುರು) ಪ್ಯಾಕ್ ತಂದೆ. ಎರಡೇ ದಿನಕ್ಕೆ ಕೆಲವು ಉದುರಿದವು, ಒಂದಂತೂ ಅಕ್ಕಿ ರೊಟ್ಟಿ ಹಿಟ್ಟಿನಲ್ಲಿ ಸಿಕ್ಕಿತು. ಅವತ್ತಿಂದ ಅತ್ತೆ ನಾನು ತಟ್ಟಿದ ರೊಟ್ಟಿ ಮುಟ್ಟುತ್ತಿಲ್ಲ. ಇದನ್ನು ದಿನಾ ಹಾಕಬಹುದಾ? ನನ್ನ ಉಗುರು ಹಾಳಾಗೋದಿಲ್ವಾ?
— ಒಬ್ಬ ಓದುಗಿ, ಚಿಕ್ಕಮಗಳೂರು

ಉತ್ತರ: ರೊಟ್ಟಿ ವಿಷಯದಲ್ಲಿ ನಾನು ನಿಮ್ಮ ಅತ್ತೆ ಕಡೆ! ಅಂಗಡಿಗೆ ಧಾರಾಳವಾಗಿ ಹಾಕಿಕೊಳ್ಳಿ, ಹಿಟ್ಟು ಕಲಸುವ ಮೊದಲು ತೆಗೆದಿಡಿ. ಇನ್ನೊಂದು ಕಾರಣವೂ ಇದೆ, ಇದು ಪ್ಲಾಸ್ಟಿಕ್, ಒಲೆಯ ಉರಿ ತಾಗಿದರೆ ಹತ್ತಿಕೊಳ್ಳುತ್ತದೆ.

ದಿನಾ ಹಾಕಿ ತೆಗೆಯುವುದಾದರೆ ಗಮ್ ಬೇಡ, ಜೆಲ್ಲಿ ಥರದ ಎರಡು ಬದಿ ಅಂಟುವ ಸ್ಟಿಕ್ಕರ್ ಸಾಕು. ಅದು ಒಂದೆರಡು ದಿನ ನಿಲ್ಲುತ್ತದೆ, ತೆಗೆಯುವುದೂ ಸುಲಭ. ಗಮ್ ಹಾಕಿದರೆ ವಾರದ ತನಕ ಬರುತ್ತದೆ, ಅದನ್ನು ಮದುವೆ ಮನೆಗೆ ಇಟ್ಟುಕೊಳ್ಳಿ. ಆ ಗಮ್ ಫೆವಿಕ್ವಿಕ್ ಜಾತಿಯದ್ದೇ, ಹಾಗಂತ ಉಗುರಿಗೆ ಫೆವಿಕ್ವಿಕ್ ಹಚ್ಚಬೇಡಿ. ಇನ್ನೊಂದು, ಅದರ ಹನಿ ಹತ್ತಿ ಬಟ್ಟೆ ಮೇಲೆ ಬಿದ್ದರೆ ಕೂಡಲೇ ಬಿಸಿಯಾಗುತ್ತದೆ, ಚರ್ಮ ಸುಡುವಷ್ಟು. ಸೀರೆ ರಾಶಿ ಪಕ್ಕ ಕೂತು ಅಂಟಿಸುವ ಸಾಹಸ ಬೇಡ.

ಉದುರೋದಕ್ಕೆ ಸಾಮಾನ್ಯವಾಗಿ ಎರಡೇ ಕಾರಣ, ಉಗುರಿನ ಮೇಲಿನ ಎಣ್ಣೆ ಪಸೆ ಮತ್ತು ತಪ್ಪು ಅಳತೆ. ಕೈ ತೊಳೆದು ಚೆನ್ನಾಗಿ ಒರೆಸಿ, ಬುಡದ ಚರ್ಮವನ್ನು ಮೆಲ್ಲಗೆ ಹಿಂದಕ್ಕೆ ಸರಿಸಿ, ಉಗುರನ್ನು ನೇಲ್ ಪಾಲಿಶ್ ರಿಮೂವರ್‌ನಲ್ಲಿ ಒಮ್ಮೆ ಒರೆಸಿ ಒಣಗಲು ಬಿಡಿ. ಕ್ರೀಮು, ತೆಂಗಿನೆಣ್ಣೆ ಎಲ್ಲ ಆಮೇಲೆ. ಅಂಟಿಸುವ ಮೊದಲೇ ಹತ್ತು ಬೆರಳಿಗೂ ಅಳತೆ ನೋಡಿ ಸಾಲಾಗಿ ಇಟ್ಟುಕೊಳ್ಳಿ, ಯಾವುದೂ ಸರಿ ಕೂರದಿದ್ದರೆ ಸ್ವಲ್ಪ ದೊಡ್ಡದನ್ನೇ ತಗೊಂಡು ಅಕ್ಕಪಕ್ಕ ಉಜ್ಜಿ, ಯಾಕಂದ್ರೆ ಚಿಕ್ಕದು ಅಂಚಲ್ಲಿ ಎದ್ದುಬಿಡುತ್ತದೆ, ದೊಡ್ಡದು ಚರ್ಮದ ಮೇಲೆ ಕೂತರೆ ನೀರು ಒಳಗೆ ನುಗ್ಗುತ್ತದೆ. ಬುಡದಿಂದ ತುದಿಯ ಕಡೆಗೆ ಕೂರಿಸಿ, ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಒಂದು ಗಂಟೆ ನೀರು ಮುಟ್ಟಬೇಡಿ. ಉದ್ದ ಮಾತ್ರ ಕಮ್ಮಿ ಇರಲಿ, ಚೂಪು ತುದಿ ಜರಿಗೆ ಸಿಕ್ಕಿ ದಾರ ಎಳೆದರೆ ಆ ಸೀರೆಯ ದುಡ್ಡು ನಿಮ್ಮ ಸಂಬಳದಿಂದಲೇ ಹೋಗಬಹುದು.

ಇನ್ನು ಉಗುರು ಹಾಳಾಗುವುದು ಹೆಚ್ಚಾಗಿ ಕಿತ್ತು ತೆಗೆಯುವಾಗ. ಹಾಗೆ ಎಳೆದರೆ ನಿಮ್ಮ ಉಗುರಿನ ಮೇಲ್ಪದರವೂ ಎದ್ದು ಬರುತ್ತದೆ, ಅದು ಬೆಳೆದು ಸರಿಯಾಗೋದಕ್ಕೆ ತಿಂಗಳುಗಟ್ಟಲೆ ಬೇಕು, ಏಕೆಂದರೆ ಕೈ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಅಷ್ಟೇ ಬೆಳೆಯುವುದು. ಬೆಚ್ಚಗಿನ ಸೋಪು ನೀರಿಗೆ ನಾಲ್ಕು ಹನಿ ಎಣ್ಣೆ ಬಿಟ್ಟು ಹತ್ತು ಹದಿನೈದು ನಿಮಿಷ ಬೆರಳು ಅದ್ದಿ, ತಾನಾಗೇ ಸಡಿಲವಾಗುತ್ತದೆ. ಅಸಿಟೋನ್ ಇರುವ ರಿಮೂವರ್‌ನಲ್ಲಿ ನೆನೆಸಿದರೆ ಪ್ಲಾಸ್ಟಿಕ್ಕೇ ಕರಗುತ್ತದೆ, ಮತ್ತೆ ಬಳಸಲು ಬರುವುದಿಲ್ಲ. ಜೋಪಾನವಾಗಿ ತೆಗೆದರೆ ಹಳೇ ಅಂಟು ಕೆರೆದು, ಹೊಸ ಸ್ಟಿಕ್ಕರ್ ಹಾಕಿ ಅದೇ ಸೆಟ್ಟನ್ನು ಮತ್ತೆ ಮತ್ತೆ ಬಳಸಬಹುದು, ಉಳಿತಾಯ ಇರುವುದೇ ಅಲ್ಲಿ.

ನಿಮ್ಮೂರ ಮಳೆಗಾಲದಲ್ಲಿ ಕೈ ಒಣಗುವುದೇ ಕಷ್ಟ, ಅಲ್ವಾ? ಅಂಚು ಎದ್ದ ಉಗುರನ್ನು ಮೇಲಿಂದ ಸುಮ್ನೆ ಒತ್ತಿ ಮುಂದುವರಿಸಬೇಡಿ. ಒಳಗೆ ನೀರು ನಿಂತರೆ ಬ್ಯಾಕ್ಟೀರಿಯಾ ಬೆಳೆದು ಉಗುರು ಹಸಿರಾಗುತ್ತದೆ. ಹಸಿರು ಕಂಡರೆ, ಇಲ್ಲವೇ ಸುತ್ತ ತುರಿಕೆ, ಕೆಂಪು ಬಂದರೆ ತೆಗೆದುಹಾಕಿ ಚರ್ಮದ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಹಾಸನದಲ್ಲಿ ನರ್ಸಿಂಗ್ ಓದುತ್ತಿದ್ದೇನೆ. ಚಿಕ್ಕದಾದ, ಬಣ್ಣವಿಲ್ಲದ ಪ್ರೆಸ್ ಆನ್ ಹಾಕಿಕೊಂಡು ವಾರ್ಡಿಗೆ ಹೋಗಬಹುದಾ?
— ವಿದ್ಯಾರ್ಥಿನಿ, ಹಾಸನ

ಉತ್ತರ: ಬೇಡಮ್ಮ. ಎಷ್ಟೇ ಚಿಕ್ಕದಿರಲಿ, ಅದರಡಿ ಕೂತ ಕೀಟಾಣು ಕೈ ತೊಳೆದರೂ ಪೂರ್ತಿ ಹೋಗುವುದಿಲ್ಲ. ರೋಗಿಗಳನ್ನು ಮುಟ್ಟುವವರು ಕೃತಕ ಉಗುರು ಹಾಕಬಾರದು, ಸ್ವಂತ ಉಗುರಿನ ತುದಿಯೂ ಅರ್ಧ ಸೆಂಟಿಮೀಟರ್‌ಗಿಂತ ಕಮ್ಮಿ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗಸೂಚಿಯಲ್ಲೇ ಹೇಳಿದೆ. ರಜೆಗೆ ಊರಿಗೆ ಹೋದಾಗ ಸ್ಟಿಕ್ಕರ್ ಹಾಕಿ ಅಂಟಿಸಿಕೊಳ್ಳಿ, ಡ್ಯೂಟಿಗೆ ವಾಪಸ್ ಬರುವ ಹಿಂದಿನ ರಾತ್ರಿ ತೆಗೆದುಬಿಡಿ.