ಪದ ಪ್ರಶ್ನೆ: ಮಿಡಿ, ಮಿಡುಕು, ಮಿಸುಕು

ಪ್ರಶ್ನೆ: ವೈದ್ಯರು ‘ನಾಡಿಮಿಡಿತ’ ಅನ್ನುತ್ತಾರೆ. ಪತ್ರಿಕೆಗಳಲ್ಲಿ ‘ಕಂಬನಿ ಮಿಡಿದರು’ ಎಂದಿರುತ್ತದೆ. ಗಾಂಧಿಬಜಾರಿನಲ್ಲಿ ಮಾವಿನ ಮಿಡಿ ಮಾರುತ್ತಾರೆ. ಇವೆಲ್ಲ ಒಂದೇ ಪದವೇ? ಮಿಡತೆಗೂ ಇದಕ್ಕೂ ನಂಟಿದೆಯೇ?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ಮಾವಿನ ಮಿಡಿಯನ್ನು ಮೊದಲು ಪಕ್ಕಕ್ಕಿಡಿ. ಅದು ಗೊರಟೆ ಬಲಿಯದ ಎಳೆಗಾಯಿ. ಅಪ್ಪೆಮಿಡಿ, ಮಿಡಿಸೌತೆಗಳಲ್ಲಿರುವುದೂ ಅದೇ ನಾಮಪದ. ಉಳಿದವು ‘ಮಿಡಿ’ ಎಂಬ ಕ್ರಿಯಾಪದದ ಬಳಗ.

ಈ ಕ್ರಿಯೆ ಗೋಲಿಯಾಟದಲ್ಲಿ ಚೆನ್ನಾಗಿ ಕಾಣುತ್ತದೆ. ಹುಡುಗ ನಡುಬೆರಳ ತುದಿಗೆ ಗೋಲಿ ಒತ್ತಿ, ಬೆರಳನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿಸಿ, ಫಕ್ಕನೆ ಬಿಡುತ್ತಾನೆ. ಬಿಗಿಹಿಡಿದದ್ದು ಬಿಡುಗಡೆಯಾಗುವ ಆ ಚಿಮ್ಮುವಿಕೆಯೇ ಮಿಡಿ. ಬಿಲ್ಲಿನ ಹೆದೆಯನ್ನು ಮಿಡಿಯುವುದೂ ಹಾಗೆಯೇ. ವೀಣೆಯವರ ಬಾಯಲ್ಲಿ ಮಾತ್ರ ರೂಢಿಯಾಗಿರುವುದು ‘ಮೀಟು’. ಮಿಡತೆ ಹಿಂಗಾಲು ಮಡಚಿ ಒಮ್ಮೆಲೇ ನೆಗೆಯುವುದನ್ನು ನೋಡಿದವರಿಗೆ ಅದರ ಹೆಸರು ಬಿಡಿಸಿ ಹೇಳಬೇಕಿಲ್ಲ. ತೆಲುಗಿನಲ್ಲೂ ಅದು ‘ಮಿಡತ’.

ಮಣಿಕಟ್ಟಿನಲ್ಲಿ ಹೆಬ್ಬೆರಳ ಬುಡಕ್ಕೆ ಎರಡು ಬೆರಳಿಟ್ಟರೆ ನಾಡಿ ತಟ್ಟುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 60ರಿಂದ 100 ಸಲ. ರಕ್ತ ಹರಿಯುತ್ತದೆ, ನಾಡಿ ಮಿಡಿಯುತ್ತದೆ. ಒಂದೊಂದೇ ತಟ್ಟಿಗೆ ಈ ಪದ ಸಲ್ಲುತ್ತದೆ, ಹರಿವಿಗಲ್ಲ. ಕಣ್ಣೀರಿಗೂ ಇದೇ ಅಳತೆ: ರೆಪ್ಪೆಯಂಚಿನಲ್ಲಿ ತಡೆದು ನಿಂತ ಹನಿ ತಟಕ್ಕನೆ ಉದುರಿದರೆ ಮಿಡಿ, ಧಾರೆಯಾದರೆ ಸುರಿ.

ವರದಿ ಬರೆಯುವವರು ಎರಡು ಕಡೆ ಎಡವುತ್ತಾರೆ. ಕಣ್ + ಪನಿ ಸೇರಿ, ಪಕಾರಕ್ಕೆ ಬಕಾರ ಬಂದು ‘ಕಂಬನಿ’ ಆಗಿದೆ. ಪನಿ ಎಂದರೆ ಹನಿ. ಹಾಗಾಗಿ ‘ಕಣ್ಣಿನ ಕಂಬನಿ’ಯಲ್ಲಿ ಕಣ್ಣು ಎರಡು ಸಲ ಬಂತು. ಇನ್ನೊಂದು, ‘ಕಂಬನಿ ಮಿಡಿಸಿದರು’. ಹಾಗೆಂದರೆ ಬೇರೆಯವರನ್ನು ಅಳಿಸಿದರು ಎಂದಾಗುತ್ತದೆ. ಸ್ವತಃ ಅತ್ತವರು ಕಂಬನಿ ‘ಮಿಡಿದರು’.

ಪ್ರಶ್ನೆ: ಮಿಡುಕು, ಮಿಸುಕು ಇವೆರಡರ ವ್ಯತ್ಯಾಸವೇನು?
– ಓದುಗರೊಬ್ಬರು, ಮಲ್ಲೇಶ್ವರ, ಬೆಂಗಳೂರು

ಉತ್ತರ: ಮಿಸುಕು ಎಂದರೆ ಇದ್ದಲ್ಲೇ ಚೂರು ಅಲುಗುವುದು. ತೊಟ್ಟಿಲ ಮಗು ನಿದ್ದೆಯಲ್ಲಿ ಮಿಸುಕಾಡುತ್ತದೆ. ಜನಸಂದಣಿಯ ಬಸ್ಸಿನಲ್ಲಿ ‘ಮಿಸುಕಲೂ ಜಾಗವಿಲ್ಲ’ ಅನ್ನುತ್ತೇವೆ. ಮಿಡುಕು ಹಳಗನ್ನಡದಲ್ಲಿ ಅಲುಗು ಎಂದೇ ಇತ್ತು. ಈಗ ಹೆಚ್ಚಾಗಿ ಒಳಗಿನ ಸಂಕಟಕ್ಕೆ, ಮನಸ್ಸಿನ ಒದ್ದಾಟಕ್ಕೆ ಬಳಕೆಯಾಗುತ್ತದೆ. ತೊಟ್ಟಿಲ ಮಗುವಿಗೆ ‘ಮಿಡುಕಾಡಿತು’ ಎಂದು ಬರೆದರೆ ಓದುವವರು ಗಾಬರಿಯಾದಾರು.